ದಯವಿಟ್ಟು ನಮ್ಮೂರಿಗೆ ಬರಬೇಡಿ

ಮಾನ್ಯ ಭಾವಿ ಮುಖ್ಯಮಂತ್ರಿಗಳೇ,

ನೀವು ಎಷ್ಟು ಮಂದಿ ಇದ್ದೀರಿ ಎಂಬುದು ಫ್ಲೆಕ್ಸ್ ಅಂಗಡಿಯವರಿಗೇ ಗೊತ್ತು. ಅಷ್ಟೂ ಮಂದಿಗೆ ಚಾಮರಾಜನಗರದ ಆಟದ ಹುಡುಗರ ಪರವಾಗಿ ಒಂದೇ ಬೇಡಿಕೆ: ಕುರ್ಚಿ ಸಿಕ್ಕ ಮೇಲೆ ಈ ಕಡೆ ತಲೆ ಹಾಕಬೇಡಿ.

ಹಿಂದಿನವರು ಎಷ್ಟು ಒಳ್ಳೆಯವರಿದ್ದರು! ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಗೆ ಅಧಿಕಾರ ಉಳಿಯುವುದಿಲ್ಲವೆಂದು ನಂಬಿದ್ದರು. ದೇವರಾಜ ಅರಸು, ಗುಂಡೂರಾವ್, ಹೆಗಡೆ ಎಂದು ಬೆರಳು ಮಡಚಿ ಲೆಕ್ಕ ಒಪ್ಪಿಸುವವರು ಟೀ ಅಂಗಡಿಗೊಬ್ಬರು ಸಿಗುತ್ತಿದ್ದರು. 1997ರಲ್ಲಿ ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಊರಿಗೆ ಬರದೆ ಮಲೆ ಮಹದೇಶ್ವರ ಬೆಟ್ಟದಿಂದಲೇ ಉದ್ಘಾಟನೆ ಮುಗಿಸಿದರು. ಲೋಕ ಇದನ್ನು ಕಳಂಕ ಎಂದಿತು. ನಮ್ಮ ಪಾಲಿಗೆ ಅದು ಕಾಸಿಲ್ಲದೆ ಸಿಕ್ಕ ಬೇಲಿ. ಮುಖ್ಯಮಂತ್ರಿ ಬಾರದ ಊರಿಗೆ ಹೆಲಿಪ್ಯಾಡ್ ಏಕೆ, ಹೆಲಿಪ್ಯಾಡ್ ಇಲ್ಲದ ಮೇಲೆ ಜಲ್ಲಿ ಏಕೆ?

ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದರು. 2013ರಿಂದ 2018ರವರೆಗೆ ಪೂರ್ತಿ ಅವಧಿ ಮುಗಿಸಿದರು. ಸಾಲದ್ದಕ್ಕೆ 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಮೂಢನಂಬಿಕೆ ಸತ್ತಿತೆಂದು ವಿಚಾರವಾದಿಗಳು ಸಂಭ್ರಮಿಸಿದರು. ನಾವೂ ಚಪ್ಪಾಳೆ ತಟ್ಟಿದೆವು, ಬೇಲಿ ಬಿದ್ದದ್ದು ಗೊತ್ತಾಗದೆ. ಈಗ ಪಕ್ಷಭೇದವಿಲ್ಲ, ಸಮಾವೇಶಕ್ಕೆ ಎಲ್ಲರಿಗೂ ಮೈದಾನವೇ ಬೇಕು.

ನಮ್ಮದು ಬಡಾವಣೆಯ ಅಂಚಿನ ಸಣ್ಣ ಮೈದಾನ. ಬೆಳಿಗ್ಗೆ ಕ್ರಿಕೆಟ್, ಸಂಜೆ ಫುಟ್‌ಬಾಲ್. ಬೂಟಿನಿಂದ ಪಿಚ್ ಕಿತ್ತುಹೋಗುತ್ತದೆ ಎಂದು ಇವರು, ಗಟ್ಟಿ ಪಿಚ್ ಮೇಲೆ ಬಿದ್ದರೆ ಮಂಡಿಚಿಪ್ಪು ಹೋಗುತ್ತದೆ ಎಂದು ಅವರು ವರ್ಷಗಟ್ಟಲೆ ಜಗಳವಾಡಿದರು. ಸಮಾವೇಶದವರು ಬಂದು ವ್ಯಾಜ್ಯ ತೀರಿಸಿದರು: ಇಬ್ಬರಿಗೂ ಇಲ್ಲ. ನಾಯಕರ ಭಾಷಣ ಅರ್ಧ ಗಂಟೆ. ಪೆಂಡಾಲ್ ಹಾಕಲು, ಕೀಳಲು ವಾರ. ಅವರು ಹೋದಮೇಲೂ ಗೂಟದ ಗುಂಡಿ, ಮೊಳೆ, ಪಲಾವಿನ ತಟ್ಟೆ ನಮ್ಮ ಬಳಿಯೇ ಇರುತ್ತವೆ. 22 ಗಜದ ಪಿಚ್‌ನಲ್ಲಿ ಗುಂಡಿಗೆ ಬಿದ್ದ ಚೆಂಡು ಎತ್ತ ತಿರುಗುತ್ತದೋ ಮೈಸೂರಿನ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಅವರೂ ಹೇಳಲಾರರು. ಫೀಲ್ಡಿಂಗ್ ಕೋಚಿಂಗ್ ಈಗ ಒಂದೇ ವಾಕ್ಯದ್ದು: “ಡೈವ್ ಹೊಡೀಬ್ಯಾಡ ಕಣ್ಲಾ, ಜಲ್ಲಿ ಅದೆ!” ಉಪಕಾರವನ್ನೂ ಹೇಳಬೇಕು. ಫುಟ್‌ಬಾಲ್‌ನ ನಡುವೃತ್ತಕ್ಕೆ 9.15 ಮೀಟರ್ ತ್ರಿಜ್ಯ ಬೇಕು, ನಾವು ಸುಣ್ಣಕ್ಕೂ ಚಂದಾ ಎತ್ತುತ್ತಿದ್ದೆವು. ಈಗ ಹೆಲಿಕಾಪ್ಟರ್‌ಗೆಂದು ಬಳಿದ ವೃತ್ತದಲ್ಲೇ ಚೆಂಡಿಟ್ಟು ಆಟ ಶುರು ಮಾಡುತ್ತೇವೆ. ಅಳತೆ ಸರಿಯಿಲ್ಲ, ಅದು ಬೇರೆ ಮಾತು.

ಗುಂಡ್ಲುಪೇಟೆಯ ಗೆಳೆಯರ ಪಾಡು ಇನ್ನೂ ಕಷ್ಟ. ಅವರ ಊರಿಗೆ ಇಂಥ ಶಾಪದ ಭಾಗ್ಯ ಎಂದೂ ಇರಲಿಲ್ಲ. 2017ರ ಉಪಚುನಾವಣೆಯಲ್ಲಿ ದೊಡ್ಡ ನಾಯಕರೆಲ್ಲ ಅಲ್ಲೇ ಬೀಡುಬಿಟ್ಟಿದ್ದರು. ಆ ಊರಿನಾಚೆ ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್; ಆನೆಗಳಿಗೆ ತೊಂದರೆಯಾಗಬಾರದಲ್ಲ. ಹುಡುಗರಿಗೂ ರಕ್ಷಣೆ ಇಲ್ಲದಿಲ್ಲ: ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸಲು 1985ರಲ್ಲೇ ರಾಜ್ಯದ ಕಾಯ್ದೆ ಬಂದಿದೆ. ಅದಕ್ಕೆ ಚೆಕ್‌ಪೋಸ್ಟ್ ಇಲ್ಲ, ಅಷ್ಟೆ.

2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಫುಟ್‌ಬಾಲ್‌ನ ಸಂತೋಷ್ ಟ್ರೋಫಿ ಗೆದ್ದಿತು, ಮೇಘಾಲಯದ ವಿರುದ್ಧ 3-2. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಅಷ್ಟು ದೂರ ಏಕೆ ಹೋದರೆಂದು ಆಗ ತಲೆ ಕೆರೆದುಕೊಂಡಿದ್ದೆವು. ಅಲ್ಲಿ ಅಂದು ಸಮಾವೇಶ ಇರಲಿಲ್ಲವೆಂದು ಕಾಣುತ್ತದೆ.

ಆದ್ದರಿಂದ ಹಳೆಯ ಹೆದರಿಕೆಯನ್ನು ಮತ್ತೆ ಊರ್ಜಿತಗೊಳಿಸಿ, ಗುಂಡ್ಲುಪೇಟೆ ತಾಲ್ಲೂಕಿಗೂ ವಿಸ್ತರಿಸಿ. ಬರಲೇಬೇಕೆಂದರೆ ರಸ್ತೆಯಲ್ಲಿ ಬನ್ನಿ, ಆ ನೆಪದಲ್ಲಿ ಅದಕ್ಕಾದರೂ ಡಾಂಬರು ಬೀಳಲಿ. ಸಭೆ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಳ್ಳಿ. ಅದೂ ಆಗದು, ಮೈದಾನವೇ ಬೇಕು ಎನ್ನುವುದಾದರೆ ಗೂಟ ನೆಟ್ಟವರೇ ಗುಂಡಿ ಮುಚ್ಚಬೇಕೆಂದು ಅನುಮತಿ ಪತ್ರದಲ್ಲಿ ಬರೆಸಿ, ಮೊದಲೇ ಠೇವಣಿ ಕಟ್ಟಿ. ಠೇವಣಿ ಕಳೆದುಕೊಳ್ಳುವ ಭಯವನ್ನು ನಿಮಗೆ ನಾವು ವಿವರಿಸಬೇಕಾಗಿಲ್ಲ.

ಇಂತಿ ತಮ್ಮ ಮತದಾರ,
ಸದ್ಯಕ್ಕೆ ಬೌಂಡರಿ ಗೆರೆಯಾಚೆ ನಿಂತ ಫೀಲ್ಡರ್