ಖರಾಡಿಯ ಬಾಲ್ಕನಿಗೆ ಗಾಜು ಕೂರಿಸುವ ಶಾಸ್ತ್ರ: ಲಕ್ಷಣ, ಮತಭೇದ, ಸೋರಿಕೆ

ಬಿಸಿಲನ್ನು ಒಳಗೆ ಬಿಟ್ಟುಕೊಂಡು ಗಾಳಿಮಳೆಯನ್ನು ಹೊರಗೆ ನಿಲ್ಲಿಸುವ ಕಟ್ಟಡಕ್ಕೆ ಗಾಜಿನ ಹಸಿರುಮನೆ ಎಂದು ಹೆಸರು. ಪುಣೆಯ ಖರಾಡಿಯಲ್ಲಿ ಇದು ಅಪಾರ್ಟ್‌ಮೆಂಟಿನ ಬಾಲ್ಕನಿಯಾಗಿ ಅವತರಿಸಿದೆ. ಹೊರಗೆ ನಿಲ್ಲಬೇಕಾದವುಗಳ ಪಟ್ಟಿಗೆ ಪಾರಿವಾಳವೂ ಪಕ್ಕದ ಕಾಮಗಾರಿಯ ದೂಳೂ ಸೇರಿವೆ. ಒಳಗಿರುವ ಸಸ್ಯಸಂಪತ್ತು ಸಾಮಾನ್ಯವಾಗಿ ಒಂದು ಕರಿಬೇವು, ಒಂದು ದುಂಡುಮಲ್ಲಿಗೆ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಯಾರದೋ ತೊಡೆಯೇರಿ ಬಂದ ಒಂದು ವೀಳ್ಯದೆಲೆ ಬಳ್ಳಿ. ಇಷ್ಟಕ್ಕೆ ಗಾಜೇಕೆ ಎಂಬುದು ಪೂರ್ವಪಕ್ಷ. ತಳೇಗಾಂವ್ ಕಡೆಯ ಬೆಳೆಗಾರರು ಪ್ಲಾಸ್ಟಿಕ್ ಹಾಳೆಯ ಕೆಳಗೇ ಗುಲಾಬಿ ಬೆಳೆಯುತ್ತಾರಲ್ಲ ಎಂಬುದು ಅದರ ಆಧಾರ. ಅವರು ಹೂ ಮಾರಿ ಬದುಕಬೇಕು, ಬಾಲ್ಕನಿಯವರಿಗೆ ಆ ಕಷ್ಟವಿಲ್ಲ ಎಂಬುದು ಸಿದ್ಧಾಂತ.

ಪರಂಪರೆ ದೊಡ್ಡದು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎದ್ದ, ಜೋಸೆಫ್ ಪ್ಯಾಕ್ಸ್‌ಟನ್ ವಿನ್ಯಾಸದ ಕ್ರಿಸ್ಟಲ್ ಪ್ಯಾಲೇಸಿಗೆ ಸುಮಾರು 3 ಲಕ್ಷ ಗಾಜು ಹಿಡಿದವು. ಅದರ ಸ್ಫೂರ್ತಿಯ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಲಂಡನ್ನಿನದು ಜಾಗ ಬದಲಿಸಿ 1936ರಲ್ಲಿ ಸುಟ್ಟುಹೋಯಿತು. ಬೆಂಗಳೂರಿನದು ಫಲಪುಷ್ಪ ಪ್ರದರ್ಶನದ ನೂಕುನುಗ್ಗಲನ್ನೂ ತಾಳಿಕೊಂಡಿದೆ. ಖರಾಡಿ ಶಾಖೆಯ ಅಗಲ ನಾಲ್ಕು ಅಡಿ.

ಶಾಸ್ತ್ರದ ತಿರುಳಿರುವುದು ಗಾಜಿಗೂ ಚೌಕಟ್ಟಿಗೂ ಇರುವ ಸಂಬಂಧದಲ್ಲಿ. ಬಿಸಿ 30 ಡಿಗ್ರಿ ಏರಿದರೆ 2 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಸುಮಾರು 1.4 ಮಿ.ಮೀ. ಬೆಳೆಯುತ್ತದೆ, ಅಷ್ಟೇ ಉದ್ದದ ಗಾಜು ಅರ್ಧ ಮಿ.ಮೀ. ಚಿಲ್ಲರೆ. ಉಳಿಯುವ 0.8 ಮಿ.ಮೀ.ಗಾಗಿಯೇ ಮೂರು ಮತಗಳು ಹುಟ್ಟಿವೆ.

ಪುಟ್ಟಿಯವರು ಅದ್ವೈತಿಗಳು. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿ ಮೆತ್ತಿದ ಮೇಲೆ ಗಾಜು, ಚೌಕಟ್ಟು ಎರಡಲ್ಲ, ಭೇದವೆಲ್ಲ ಮಾಯೆ. ಮರದ ಕಿಟಕಿಗಳಲ್ಲಿ ಈ ಮತ ಚೆನ್ನಾಗಿಯೇ ನಡೆಯಿತು, ಮೊದಲು ಪ್ರೈಮರ್ ಬಳಿದಿದ್ದರೆ. ಬಳಿಯದಿದ್ದರೆ ಒಣಮರ ಎಣ್ಣೆಯನ್ನೆಲ್ಲ ಹೀರಿ ಪುಟ್ಟಿಯನ್ನು ಹಿಟ್ಟು ಮಾಡುತ್ತದೆ. ಅಲ್ಯೂಮಿನಿಯಂ ಮೇಲೆ ಮಾತ್ರ ಪುಟ್ಟಿ ಗಟ್ಟಿಯಾದ ಬಳಿಕ, ಮೇ ತಿಂಗಳ ಒಂದು ಮಧ್ಯಾಹ್ನ, ಮಾಯೆ ಬಿರುಕುಬಿಟ್ಟು ತಾನು ಸತ್ಯವೆಂದು ಸಾರುತ್ತದೆ.

ರಬ್ಬರಿನವರು ದ್ವೈತಿಗಳು. ಗಾಜು ಬೇರೆ, ಚೌಕಟ್ಟು ಬೇರೆ, ಇದು ಅನಾದಿ. ನಡುವೆ ರಬ್ಬರ್ ಇರಲಿ. ವಾದ ಬಲವಾಗಿದೆ, ಆದರೆ ಎಳೆದು ಕೂರಿಸಿದ ರಬ್ಬರ್ ಕಾಲಕ್ರಮದಲ್ಲಿ ಕುಗ್ಗಿ ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಆದ್ದರಿಂದ ಅಳತೆಗಿಂತ ತುಸು ಉದ್ದ ಕತ್ತರಿಸಿ ಒಳಕ್ಕೆ ಒತ್ತಬೇಕು.

ಸಿಲಿಕಾನ್ ವಿಶಿಷ್ಟಾದ್ವೈತ: ಭೇದವುಂಟು, ಬಿಡಿಸಲಾಗದು. ಇದರಲ್ಲೂ ಉಪಪಂಥಗಳಿವೆ. ಅಗ್ಗದ್ದು ಹುಳಿ ವಾಸನೆ ಬಿಡುತ್ತದೆ. ಅದು ಅಸಿಟಿಕ್ ಆಮ್ಲ, ಅಡುಗೆಮನೆಯ ಉಪ್ಪಿನಕಾಯಿ ನಿರಪರಾಧಿ. ಅಮೃತಶಿಲೆ, ಸಿಮೆಂಟು ತಗಲುವಲ್ಲಿ ನ್ಯೂಟ್ರಲ್ ಬಗೆಯದೇ ಬೇಕು. ಗಾಳಿಯ ತೇವ ಕುಡಿದು ಇದು ದಿನಕ್ಕೆ 2-3 ಮಿ.ಮೀ. ಆಳದವರೆಗೆ ಗಟ್ಟಿಯಾಗುತ್ತದೆ, ಮೇಲಿನ ಪೊರೆ ಮಾತ್ರ ಕೆಲವೇ ನಿಮಿಷಗಳಲ್ಲಿ. ಪೊರೆಯನ್ನು ನಂಬಿ ಮನೆಯ ಮಗು ಒತ್ತಿದ ಬೆರಳು ಶಾಸನವಾಗಿ ಉಳಿಯುತ್ತದೆ.

ಪ್ರಯೋಗವಿಧಿ ಸುಲಭ. ಗಾಜು ಚೌಕಟ್ಟಿಗಿಂತ ಸುತ್ತಲೂ 2-3 ಮಿ.ಮೀ. ಚಿಕ್ಕದಿರಬೇಕು. ಟಫನ್ಡ್ ಗಾಜಾದರೆ ಅಳತೆ ಮೊದಲೇ ಸರಿಯಿರಬೇಕು, ಕಾಯಿಸಿ ಬಂದದ್ದನ್ನು ಮತ್ತೆ ಕತ್ತರಿಸಿದರೆ ಪುಡಿಪುಡಿ. ಕೆಳಗೆ ಎರಡು ರಬ್ಬರ್ ತುಂಡುಗಳನ್ನು ತುದಿಗಳಿಂದ ಕಾಲುಭಾಗ ಒಳಗಿಟ್ಟು ಗಾಜು ಕೂರಿಸಿ, ಅಂಚು ಒರೆಸಿ ಒಣಗಿಸಿ, ಸಿಲಿಕಾನ್ ಎಳೆದು, ಸೋಪುನೀರಿನ ಬೆರಳಿನಿಂದ ಒಂದೇ ಸಲ ಸವರಬೇಕು. ಎರಡನೆಯ ಸಲ ಸವರುವವರು ಮೂರನೆಯ ಸಲವೂ ಸವರುತ್ತಾರೆ.

ಅತ್ಯಂತ ಕಗ್ಗಂಟಿನ ಅಧಿಕರಣವೆಂದರೆ ಗಾಜಿನ ಕದ ಸರಿದಾಡುವ ಕೆಳಗಿನ ಟ್ರ್ಯಾಕಿನ ತೂತುಗಳು. ಒಳನುಸುಳಿದ ನೀರು ಹೊರಗೆ ಹೋಗಲೆಂದೇ ಅವು ಇರುವುದು. ಜೂನ್ ಮಳೆಯಲ್ಲಿ ಅಲ್ಲಿ ನೀರು ಜಿನುಗುವುದನ್ನು ಕಂಡ ಮನೆಯ ಯಜಮಾನರು, ಕಳ್ಳ ಸಿಕ್ಕನೆಂದು ಹಿಗ್ಗಿ, ಉಳಿದ ಸಿಲಿಕಾನನ್ನೆಲ್ಲ ಅಲ್ಲಿಗೇ ಸುರಿಯುತ್ತಾರೆ. ಅನಂತರ ಟ್ರ್ಯಾಕು ತುಂಬಿ ನೀರು ಹಾಲಿಗೆ ಬರುತ್ತದೆ. ಸೋರಿಕೆಯನ್ನು ಪೂರ್ಣ ನಿಲ್ಲಿಸಿದ ಬಾಲ್ಕನಿಯೇ ಅತಿ ಹೆಚ್ಚು ಸೋರುತ್ತದೆ ಎಂಬ ಈ ನಿರ್ಣಯವನ್ನು ಫ್ಯಾಬ್ರಿಕೇಟರುಗಳು ಒಪ್ಪುತ್ತಾರೆ, ಯಜಮಾನರು ಒಪ್ಪುವುದಿಲ್ಲ. ಗಾಳಿಗೂ ಇದೇ ನ್ಯಾಯ: ಒಂದು ಕದವಾದರೂ ಸರಿಯದಿದ್ದರೆ ಏಪ್ರಿಲ್‌ನಲ್ಲಿ ಕರಿಬೇವು ಗಿಡದಲ್ಲಿರುವಾಗಲೇ ಒಗ್ಗರಣೆಯ ಹದಕ್ಕೆ ಬರುತ್ತದೆ.

ಇಷ್ಟಾದರೂ ಸೋರಿದರೆ ಪೈಪಿನಿಂದ ನೀರು ಬಿಟ್ಟು ಪರೀಕ್ಷಿಸಬೇಕು, ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಆರಂಭಿಸಿದರೆ ಎಲ್ಲ ಸಂದುಗಳೂ ಒಟ್ಟಿಗೆ ಒದ್ದೆಯಾಗಿ ತಪ್ಪಿತಸ್ಥ ಸಿಗುವುದಿಲ್ಲ. ಮೇಲಿನ ಮಹಡಿಯವರ ಹೂಕುಂಡದಿಂದ ಇಳಿಯುವ ನೀರು ಈ ಶಾಸ್ತ್ರದ ವ್ಯಾಪ್ತಿಗೆ ಸೇರದು. ಅದು ಸೊಸೈಟಿಯ ವಾರ್ಷಿಕ ಸಭೆಯ ವಿಷಯ.