ಮತ್ಸ್ಯಸಂಧಿ ಪ್ರಕರಣ

ಹಳೆಯ ಗಾಜಿನ ತೊಟ್ಟಿಗೆ ಹೊಸ ಮೀನು ಬಿಡುವುದನ್ನು ಹವ್ಯಾಸ ಎನ್ನುವವರು ಶಾಸ್ತ್ರ ಓದದವರು. ತೊಟ್ಟಿ ಪೂರ್ವಪದ, ಮೀನು ಉತ್ತರಪದ. ಎರಡೂ ಕೂಡುವಲ್ಲಿ ಉಂಟಾಗುವ ವಿಕಾರವೇ ಮತ್ಸ್ಯಸಂಧಿ. ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಮೀನಿನ ಮಾತೆತ್ತಲಿಲ್ಲ. ಅವನಿಗೂ ಹಿಂದೆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವನ್ನೇನೋ ವರ್ಣಿಸಿದ. ಆದರೆ ಆತನ ಆಸ್ಥೆಯೆಲ್ಲ ಮೀನನ್ನು ನೀರಿನಿಂದ ಹೊರಗೆಳೆಯುವುದರಲ್ಲಿ. ಒಳಗೆ ಬಿಡುವ ಶಾಸ್ತ್ರ ಬ್ಯಾಟರಾಯನಪುರದ ಎರಡನೇ ಮಹಡಿಯ ಬಾಡಿಗೆ ಮನೆಗಾಗಿ ಕಾದಿತ್ತು.

ಈ ವಿಷಯದಲ್ಲಿ ನಮ್ಮೂರಿಗೆ ಅಧಿಕಾರವುಂಟು. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯನ್ನು ಬೆಂಗಳೂರೆಂಬ ದೊಡ್ಡ ತೊಟ್ಟಿಗೆ ಬಿಟ್ಟಾಗ ಒಂದು ಬೋರ್ಡು ಇಳಿದು ಇನ್ನೊಂದು ಏರಿತು. ಶುದ್ಧ ಆದೇಶಸಂಧಿ.

ಮೊದಲಿಗೆ ಲೋಪಸಂಧಿ. ಆರು ನಿಯಾನ್ ಟೆಟ್ರಾ ತರಿಸಿದೆ. ಬ್ಯಾಟರಾಯನಪುರ ನಾನಾರ್ಥದ ಪದ: ಬಳ್ಳಾರಿ ರಸ್ತೆಯಲ್ಲೊಂದು, ಮೈಸೂರು ರಸ್ತೆಯಲ್ಲೊಂದು. ಮೀನು ತಂದ ಹುಡುಗ ಎರಡನೆಯ ಅರ್ಥ ಹಿಡಿದು ನಾಯಂಡಹಳ್ಳಿಯವರೆಗೂ ಹೋಗಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದು, ಮೂರು ಗಂಟೆ ತಡವಾಗಿ ಬಂದ. ನಾನು ಶ್ರದ್ಧೆಯಿಂದ ಚೀಲದ ಬಾಯಿ ಬಿಚ್ಚಿ, ಒಂದೂವರೆ ಗಂಟೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಅದಕ್ಕೆ ಇಳಿಸಿದೆ. ಪಂಡಿತನ ತಪ್ಪು. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಆಮ್ಲೀಯವಾಗುತ್ತದೆ. ಆಗ ಅದರ ಗಲೀಜಿನ ಅಮೋನಿಯ, ಅಮೋನಿಯಂ ಎಂಬ ಸಾಧು ರೂಪದಲ್ಲಿರುತ್ತದೆ. ಬಾಯಿ ಬಿಚ್ಚಿದೊಡನೆ ಅನಿಲ ಹಾರಿ, ಪಿಎಚ್ ಏರಿ, ಸಾಧು ವಿಷವಾಗುತ್ತಾನೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಬೆರೆತರೆ ಇನ್ನೂ ಬೇಗ. ದೂರದಿಂದ ಬಂದ ಚೀಲವನ್ನು ಕಟ್ಟಿದಂತೆಯೇ ಹದಿನೈದು–ಇಪ್ಪತ್ತು ನಿಮಿಷ ತೇಲಿಸಿ, ಶಾಖ ಸಮವಾದ ಮೇಲೆ ಬಿಚ್ಚಿ, ತಡಮಾಡದೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಬೇಕು. ಚೀಲದ ನೀರು ಮೋರಿಗೆ. ಊರು + ಅಲ್ಲಿ = ಊರಲ್ಲಿ ಎಂದಾಗ ಉಕಾರ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಮೀನೆಲ್ಲಿ ಹೋಯಿತೆಂದು ಮಗಳು ಕೇಳಿದಳು.

ಆಗಮಸಂಧಿಯಲ್ಲಿ ಯಾರೂ ಕರೆಯದ ಅಕ್ಷರವೊಂದು ಬಂದು ಕೂರುತ್ತದೆ. ನಮ್ಮಲ್ಲಿ ಬಂದದ್ದು ಬಿಳಿಚುಕ್ಕೆ ರೋಗ: ರೆಕ್ಕೆಯ ಮೇಲೆ ಪುಡಿ ಉಪ್ಪು ಉದುರಿಸಿದಂತೆ. ಎರಡೋ ಮೂರೋ ವಾರ ಹೊಸಬರನ್ನು ಬೇರೆ ತೊಟ್ಟಿಯಲ್ಲಿಟ್ಟಿದ್ದರೆ ಬರುತ್ತಿರಲಿಲ್ಲ. ಮನೆಯಲ್ಲಿ ನೆಂಟರಿಗೇ ಬೇರೆ ಕೋಣೆಯಿಲ್ಲ ಎಂಬ ಆಕ್ಷೇಪವನ್ನು ಸಿದ್ಧಾಂತಿಯು ಬಕೆಟ್ಟು ತೋರಿಸಿ ಖಂಡಿಸುತ್ತಾನೆ.

ಆದೇಶಸಂಧಿಗೆ ವಿವರಣೆ ಬೇಡ: ರಾತ್ರಿ ಟೆಟ್ರಾ ಇದ್ದ ಜಾಗದಲ್ಲಿ ಬೆಳಗ್ಗೆ ಏಂಜೆಲ್ ಮೀನಿನ ಉಬ್ಬಿದ ಹೊಟ್ಟೆ.

ಶಾಸ್ತ್ರದ ಪರಮಪದ ಪ್ರಕೃತಿಭಾವ, ಅಂದರೆ ಎರಡು ಪದ ಎದುರಾದರೂ ಸಂಧಿಯಾಗದೆ ಇದ್ದಂತೆ ಇರುವುದು. ಏಂಜೆಲ್ ಮೀನನ್ನು ಹಿಂದಿರುಗಿಸಿದೆ. ಈ ಸಲ ಐದೇ ಮೀನು. ಒಮ್ಮೆಗೇ ಡಜನ್ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಅಷ್ಟೊಂದು ಅಮೋನಿಯವನ್ನು ನೈಟ್ರೇಟ್ ಮಾಡಿ ಮುಗಿಸಲು ಆಗದು. ಬಕೆಟ್ಟಿನ ವಾಸ ಮುಗಿದ ದಿನ ಹಳೆಯ ಗೌರಾಮಿಗೆ ಹೊಟ್ಟೆತುಂಬ ಉಣಿಸಿ, ಕಲ್ಲು, ಗಿಡಗಳ ಜಾಗ ಬದಲಿಸಿದೆ. ಅದರ ಪಹಣಿ ಅಲ್ಲಿಗೆ ರದ್ದು. ದೀಪ ಆರಿಸಿ ಮಲಗಿದೆ.

ಪ್ರಕೃತಿಭಾವಕ್ಕೆ ಶಾಲೆಯ ವ್ಯಾಕರಣ ಕೊಡುವ ಉದಾಹರಣೆಯನ್ನು ಬೆಳಗ್ಗೆ ನನ್ನ ಹೆಂಡತಿ, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಾಗಲೇ, ತೊಟ್ಟಿಯ ಮುಂದೆ ನಿಂತು ಸೋದಾಹರಣವಾಗಿ ಉಚ್ಚರಿಸಿದಳು:

“ಅಯ್ಯೋ ಇದೇನು, ಐದೂ ಇವೆ!”