ಶ್ಯಾವಿಗೆಯ ಎಳೆ

ನಮ್ಮ ಮನೆಯ ಪರ್ಶಿಯನ್ ಬೆಕ್ಕಿಗೆ ಶ್ಯಾವಿಗೆ ಎಂದು ಹೆಸರಿಟ್ಟವಳು ಮಗಳು. ಕೆನೆ ಬಣ್ಣ, ಮೈತುಂಬ ನವಿರಾದ ಉದ್ದುದ್ದ ಎಳೆ. ಹೆಸರು ಒಪ್ಪುವಂತೆಯೇ ಇತ್ತು. ಹೆಸರಿಟ್ಟ ಆರು ತಿಂಗಳಿಗೆ ಅವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. "ಪಿ.ಜಿ.ಯಲ್ಲಿ ಬೆಕ್ಕು ಬಿಡಲ್ಲಪ್ಪ, ಸ್ವಲ್ಪ ದಿನ ನೋಡ್ಕೊಳ್ಳಿ" ಎಂದು ಹೋದಳು. ಆ ಸ್ವಲ್ಪ ದಿನಕ್ಕೆ ಈಗ ನಾಲ್ಕು ವರ್ಷ.

ಹೆಸರಿನ ಅಪಾಯ ಗೊತ್ತಾದದ್ದು ಮಗಳ ಸಂಬಂಧ ಕೇಳಿಕೊಂಡು ಗಂಡಿನ ಕಡೆಯವರು ಬಂದ ದಿನ. ಶ್ಯಾವಿಗೆ ಪಾಯಸ ಬಡಿಸಿದ್ದೆವು. ಹಿರಿಯರೊಬ್ಬರು ತುಟಿಯಂಚಿನಿಂದ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಇನ್ನೂ ಎಳೆದರು. ಬೆಂದ ಶ್ಯಾವಿಗೆ ಅಷ್ಟು ಹೊತ್ತಿಗೆ ತುಂಡಾಗಬೇಕಿತ್ತು. ನಾಲ್ಕಂಗುಲ ಹೊರಬಂದ ಮೇಲೆ ಬೆಳಕಿಗೆ ಹಿಡಿದು, "ಕೈಶ್ಯಾವಿಗೆಯೋ?" ಎಂದು ಕೇಳಿದರು. "ಹೌದು, ಮನೆಯದೇ" ಎಂದಳು ನನ್ನ ಹೆಂಡತಿ. ಸುಳ್ಳೇನಲ್ಲ. ಸೋಫಾದ ಮೇಲಿದ್ದ ನಿಜವಾದ ಶ್ಯಾವಿಗೆ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು. ಜಾತಕ ಕೂಡಿಬರಲಿಲ್ಲವೆಂದು ಆಮೇಲೆ ಹೇಳಿಕಳಿಸಿದರು.

ಮರುದಿನವೇ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರಲ್ಲಿಗೆ ಓಡಿದೆ. "ಹೀಗೇ ಉದುರಿದರೆ ಇದು ಬೋಳಾಗುವುದಿಲ್ಲವೇ?" ಅವರು ಒಮ್ಮೆ ನನ್ನ ತಲೆ ನೋಡಿದರು, ಒಮ್ಮೆ ಬೆಕ್ಕಿನ ಮೈ. "ಇದಕ್ಕೆ ಮತ್ತೆ ಬರುತ್ತೆ ಸಾರ್" ಎಂದರು. 'ಇದಕ್ಕೆ' ಎನ್ನುವುದನ್ನು ಅಷ್ಟು ಒತ್ತಿ ಹೇಳಬೇಕಿರಲಿಲ್ಲ.

ಅವರು ವಿವರಿಸಿದ್ದು ಹೀಗೆ: ಬೆಕ್ಕಿನ ಕೂದಲಿಗೆ ಹಗಲಿನ ಉದ್ದವೇ ಪಂಚಾಂಗ. ಹಗಲು ಹೆಚ್ಚುವಾಗೊಮ್ಮೆ, ಕುಗ್ಗುವಾಗೊಮ್ಮೆ ಮೈಯ ಹಳೆಯ ಅಂಗಿ ಕಳಚುತ್ತದೆ. ಅದು ಬಯಲಲ್ಲಿ ಬಾಳುವ ಬೆಕ್ಕಿನ ಕತೆ. ರಾತ್ರಿ ಹನ್ನೊಂದರವರೆಗೂ ಎಲ್ಲ ದೀಪ ಉರಿಸಿಕೊಂಡು ಧಾರಾವಾಹಿ ನೋಡುವವರ ಮನೆಯ ಬೆಕ್ಕಿಗೆ ಚೈತ್ರ ಯಾವುದು, ಆಶ್ವಯುಜ ಯಾವುದು? ಅದು ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತಲೇ ಇರುತ್ತದೆ. ಅಂದರೆ ನಮ್ಮ ಪಾಯಸದಲ್ಲಿ ಬಿದ್ದದ್ದು ಹೆಂಡತಿಯ ಧಾರಾವಾಹಿಯ ಫಲ. ಇದನ್ನು ನಾನು ಮನೆಯಲ್ಲಿ ಹೇಳಿಲ್ಲ.

ನಿಲ್ಲಿಸುವ ಔಷಧಿಯಿಲ್ಲ, ದಿನಾ ಬಾಚಿ ಎಂದರು. ಉದುರುವುದು ಹೇಗೂ ಉದುರುತ್ತದೆ, ಅನ್ನದ ಬದಲು ಬಾಚಣಿಗೆಗೆ ಬೀಳಲಿ ಎಂಬುದು ತಾತ್ಪರ್ಯ. ನಮ್ಮಮ್ಮ ಒಪ್ಪಲಿಲ್ಲ. "ಹರಳೆಣ್ಣೆ ತಿಕ್ಕಿ ಸೀಗೆಕಾಯಿ ಹಾಕಿ ಎರೆದರೆ ಸರಿಹೋಗುತ್ತೆ. ನಿನಗೂ ಹಾಗೇ ಮಾಡಿದ್ದೆ." ಆ ಚಿಕಿತ್ಸೆಯ ಫಲ ನನ್ನ ತಲೆಯ ಮೇಲೇ ಇತ್ತಾದ್ದರಿಂದ ವಾದ ಬೆಳೆಯಲಿಲ್ಲ. ಅಲ್ಲದೆ ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ.

ಅದರ ನಾಲಿಗೆಯೇ ಒಂದು ಬಾಚಣಿಗೆ. ನಮ್ಮ ಉಗುರಿನಂಥದೇ ಗಟ್ಟಿ ವಸ್ತುವಿನ ನೂರಾರು ಮುಳ್ಳು, ಎಲ್ಲವೂ ಗಂಟಲ ಕಡೆಗೆ ಬಾಗಿದವು. ಮುಳ್ಳಿನ ತುದಿ ಚಮಚದ ಹಾಗೆ ಟೊಳ್ಳು, ಅದರಲ್ಲೇ ಎಂಜಲು ತುಂಬಿ ಕೂದಲ ಬುಡಕ್ಕೆ ಹೋಗುತ್ತದೆಂದು 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನವರು ತೋರಿಸಿದರು. ಮುಳ್ಳು ಒಳಮುಖ ಇರುವುದರಿಂದ ಸಿಕ್ಕ ಕೂದಲನ್ನು ಉಗಿಯುವಂತಿಲ್ಲ, ನುಂಗಲೇಬೇಕು. ಹೆಚ್ಚಿನದು ಹಿಂದಿನ ದಾರಿಯಲ್ಲಿ ಹೋಗುತ್ತದೆ. ಉಳಿದದ್ದು ಬೆಳಗಿನ ಜಾವ ಮೂರಕ್ಕೆ, ಕೆಟ್ಟ ಪಂಪ್‌ಸೆಟ್ ಶುರು ಮಾಡಿದಂಥ ಸದ್ದಿನೊಂದಿಗೆ, ನನ್ನ ಚಪ್ಪಲಿಯ ಪಕ್ಕದಲ್ಲಿ ಬರುತ್ತದೆ. ಕೂದಲುಂಡೆ ಎನ್ನುತ್ತಾರೆ, ನಾನು ಕಂಡದ್ದೆಲ್ಲ ಕಡುಬಿನಾಕಾರದ್ದು.

ಈಗ ಸಂಜೆ ಏಳಕ್ಕೆ ನಮ್ಮ ಬಾಚುವ ಕಾರ್ಯಕ್ರಮ. ಸ್ಟೀಲ್ ಬಾಚಣಿಗೆಯಲ್ಲಿ ಮೊದಲು ಅಗಲ ಹಲ್ಲು, ಆಮೇಲೆ ಸಣ್ಣ ಹಲ್ಲು. ಕೆನ್ನೆ, ಬೆನ್ನು ಬಾಚುವವರೆಗೆ ಶ್ಯಾವಿಗೆ ಮಠದ ಸ್ವಾಮಿಗಳ ಗಾಂಭೀರ್ಯದಲ್ಲಿ ಕೂರುತ್ತದೆ. ಹೊಟ್ಟೆಗೆ ಕೈ ಹೋಯಿತೋ, ಸನ್ಯಾಸ ಮುಗಿಯಿತು. ಆದರೆ ಗಂಟು ಕಟ್ಟುವುದು ಅಲ್ಲೇ: ಹೊಟ್ಟೆ, ಕಂಕುಳು, ಕಿವಿಯ ಹಿಂದೆ. ಗಂಟು ಸಿಕ್ಕಿತೆಂದು ಕತ್ತರಿ ಹಿಡಿಯಬಾರದು. ತೆಳು ಚರ್ಮವೂ ಗಂಟಿನೊಂದಿಗೆ ಎದ್ದು ಬಂದಿರುತ್ತದೆ, ಯಾವುದು ಕೂದಲು ಯಾವುದು ಚರ್ಮ ತಿಳಿಯುವುದಿಲ್ಲ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲೇ ಬಿಡಿಸಬೇಕು. ಬಾಚದೆ ಸ್ನಾನ ಮಾಡಿಸಿದರೆ ಗಂಟು ಇನ್ನೂ ಬಿಗಿಯುತ್ತದೆ. ಇದನ್ನು ನಾನು ಕಲಿತ ರೀತಿಯ ಗುರುತು ಬಲ ಮುಂಗೈಯಲ್ಲಿ ಇನ್ನೂ ಇದೆ. ಸೋಫಾಕ್ಕೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಸಾಕು. ಒದ್ದೆ ಮಾಡಿ ಒಂದೇ ದಿಕ್ಕಿಗೆ ಎಳೆದರೆ ಕೂದಲೆಲ್ಲ ಸುರುಳಿಯಾಗಿ ಬರುತ್ತದೆ. ಮೊದಲ ಸಲ ಬಂದದ್ದನ್ನು ನೋಡಿ ಅಮ್ಮ ಇನ್ನೊಂದು ಮರಿಯೆಂದು ಭಾವಿಸಿದ್ದಳು.

ಇಂಥ ಬೆಕ್ಕಿನ ಮೋಹ ಇಂದು ನಿನ್ನೆಯದಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1620ರಲ್ಲಿ ಪರ್ಷಿಯಾದಿಂದ ಬರೆದ ಪತ್ರದಲ್ಲಿ ಖೊರಾಸಾನಿನ ಉದ್ದಗೂದಲ ಬೆಕ್ಕುಗಳನ್ನು ಹೊಗಳಿ, ರೋಮ್‌ಗೆ ಒಯ್ಯುವ ಆಸೆ ಹೇಳಿಕೊಂಡಿದ್ದಾನೆ. ಅದೇ ಮಹಾರಾಯ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ಕಂಡವನು. ಕಾಲೇಜಿನಲ್ಲಿ ನಮಗೆ ಇಕ್ಕೇರಿಯ ಭಾಗ ಮಾತ್ರ ಹೇಳಿಕೊಟ್ಟರು. ನಾಯಕನ ಮುಂದೆ ನಿಂತಾಗ ಅವನ ಅಂಗಿಯ ಮೇಲೆ ಒಂದಾದರೂ ಎಳೆ ಇದ್ದಿರಲೇಬೇಕೆಂದು ನನ್ನ ಅನುಮಾನ. ಮೂರು ವರ್ಷ ಸಾಲದು, ಅವು ಅಷ್ಟು ಸುಲಭಕ್ಕೆ ಬಿಡುವವಲ್ಲ.

ಮುಂದಿನ ತಿಂಗಳು ಮಗಳು ಬರುತ್ತಾಳೆ, ಹೊಸದೊಂದು ಸಂಬಂಧವೂ ಬರಲಿದೆ. ಅವರಿಗೆ ಫೋನಿನಲ್ಲಿ ಎರಡೇ ಮಾತು ಹೇಳಿದ್ದೇನೆ: ದಯವಿಟ್ಟು ಕಪ್ಪು ಬಟ್ಟೆ ಹಾಕಿಕೊಂಡು ಬರಬೇಡಿ. ಪಾಯಸ ಹೆಸರುಬೇಳೆಯದು.